ಅರಮನೆಯ ಬಾಗಿಲಲ್ಲಿ ನಿಂತಿದ್ದವರು

ನಾನಿರುವ ಲಾಸ್ ಗ್ಯಾಟೋಸ್ ಕ್ಯಾಲಿಫೋರ್ನಿಯಾದ ಸಾಂಟಾ ಕ್ರೂಝ್ ಬೆಟ್ಟಗಳ ಬುಡದ ಊರು. ಒಂದು ಕಾಲಕ್ಕೆ ಹಣ್ಣಿನ ತೋಟಗಳಿಗೆ ಹೆಸರಾಗಿತ್ತು, ಈಗ ನೆಟ್‌ಫ್ಲಿಕ್ಸ್ ಕಚೇರಿಗೆ ಹೆಸರಾಗಿದೆ. ಕೆಲವು ವರ್ಷಗಳ ಹಿಂದೆ ನಮ್ಮ ಬೀದಿಯಲ್ಲಿ ತೊಂಬತ್ತರ ಅಂಚಿನ ಅಮೆರಿಕನ್ ಅಜ್ಜರೊಬ್ಬರಿದ್ದರು. ಒಂದು ಸಂಜೆ ವಾಕಿಂಗ್ ಹೊರಟ ನನ್ನನ್ನು ಬೇಲಿಯ ಬಳಿ ನಿಲ್ಲಿಸಿ ಕೇಳಿದರು: "ನೀವು ಇಂಡಿಯಾದವರಲ್ಲವೇ? ನಿಮ್ಮ ಸಿಪಾಯಿಗಳು ಟೋಕಿಯೋದಲ್ಲಿ ಚಕ್ರವರ್ತಿಯ ಅರಮನೆ ಕಾಯುತ್ತಿದ್ದುದನ್ನು ನಾನು ಕಣ್ಣಾರೆ ಕಂಡಿದ್ದೇನೆ. ತಲೆಗೆ ಪೇಟ ಸುತ್ತಿದ್ದರು."

ನಾನು ತಲೆಯಾಡಿಸಿ ನಕ್ಕೆ. ನಿಜ ಹೇಳಬೇಕೆಂದರೆ ನನಗೆ ಆ ವಿಷಯ ಗೊತ್ತೇ ಇರಲಿಲ್ಲ. ಶಾಲೆಯಲ್ಲಿ ಹಿರೋಷಿಮಾ ಓದಿದ್ದೆ, ಅದಾದ ಮೇಲೆ ನೇರವಾಗಿ 1947ರ ಆಗಸ್ಟ್ 15. ಆ ಎರಡು ವರ್ಷಗಳ ನಡುವೆ ನಮ್ಮ ಸೈನಿಕರು ಜಪಾನಿನಲ್ಲಿ ಏನು ಮಾಡುತ್ತಿದ್ದರು ಎಂಬುದನ್ನು ಯಾವ ಪಾಠವೂ ಹೇಳಿರಲಿಲ್ಲ. ನನ್ನ ದೇಶದ ಚರಿತ್ರೆಯ ಒಂದು ತುಂಡು ಸಾವಿರಾರು ಮೈಲಿ ದೂರದ ಇನ್ನೊಂದು ದೇಶದವರ ನೆನಪಿನಲ್ಲಿ ಎಪ್ಪತ್ತು ವರ್ಷ ಬೆಚ್ಚಗೆ ಕುಳಿತಿತ್ತು. ಅವರು ಅದನ್ನು ನನ್ನ ಕೈಗಿಟ್ಟರು. ಅಂದಿನಿಂದ ಬಿಡುವಾದಾಗಲೆಲ್ಲ ಈ ಎಳೆಯನ್ನು ಹಿಡಿದು ಹೊರಟಿದ್ದೇನೆ.

ಯುದ್ಧ ಮುಗಿದ ಮೇಲೆ ಸೋತವರ ನೆಲದಲ್ಲಿ ಉಳಿದು ಅಲ್ಲಿನ ಆಗುಹೋಗುಗಳ ಮೇಲೆ ಕಣ್ಣಿಡುವ ಸೇನೆಗೆ ಕನ್ನಡದಲ್ಲಿ ನೆಲೆ ನಿಂತ ಹೆಸರಿಲ್ಲ. 'ಆಕ್ರಮಣ ಪಡೆ' ಎಂದರೆ ಇನ್ನೂ ಯುದ್ಧ ನಡೆಯುತ್ತಿದೆ ಎನ್ನಿಸುತ್ತದೆ. 'ಶಾಂತಿಪಾಲನಾ ಪಡೆ' ಎಂದರೆ ವಿಶ್ವಸಂಸ್ಥೆಯ ನೀಲಿ ಟೋಪಿ ಕಣ್ಣಿಗೆ ಬರುತ್ತದೆ. ದಂಡು ಒಂದೆಡೆ ತಂಗುವುದನ್ನು ನಮ್ಮ ಹಿರಿಯರು 'ಬೀಡು ಬಿಡುವುದು' ಎನ್ನುತ್ತಿದ್ದರು. ಹಾಗಾಗಿ ಇದನ್ನು ಬೀಡುಪಡೆ ಎಂದು ಕರೆಯುತ್ತೇನೆ.

ಆ ಅಜ್ಜ ಹದಿನೆಂಟು ತುಂಬುವಷ್ಟರಲ್ಲಿ ಯುದ್ಧ ಮುಗಿದಿತ್ತು. ಗುಂಡು ಹಾರಿಸುವ ಪ್ರಸಂಗವೇ ಬರಲಿಲ್ಲ. ಜಪಾನಿನಲ್ಲಿ ಟ್ರಕ್ ಓಡಿಸಿದರು. ಅರಮನೆಯ ಮುಂದೆ ಭಾರತೀಯರನ್ನು ಕಂಡದ್ದು ಯಾವಾಗ ಎಂದು ಕೇಳಿದಾಗ, ಒಂದು ಚೂರೂ ತಡವರಿಸದೆ "1945ರ ಕ್ರಿಸ್‌ಮಸ್ ಹೊತ್ತಿಗೆ" ಎಂದರು. ದಾಖಲೆಗಳನ್ನು ನೋಡಿದರೆ ಅದು ಸಾಧ್ಯವೇ ಇಲ್ಲ. ಬ್ರಿಟಿಷ್ ಕಾಮನ್‌ವೆಲ್ತ್ ಬೀಡುಪಡೆ ಜಪಾನಿಗೆ ಬರುವ ವಿಷಯ ಅಧಿಕೃತವಾಗಿ ಪ್ರಕಟವಾದದ್ದೇ 1946ರ ಜನವರಿ ಕೊನೆಯಲ್ಲಿ. ಮೊದಲ ಹಡಗುಗಳು ಕುರೆ ಬಂದರು ಮುಟ್ಟಿದ್ದು ಫೆಬ್ರವರಿಯಲ್ಲಿ. ಭಾರತದ ಪಲ್ಟನ್‌ಗಳು ಇಳಿದದ್ದು ಅದಾದ ಮೇಲೆ, ವಸಂತದಲ್ಲಿ.

ಹಾಗಾದರೆ ಅಜ್ಜ ಹೇಳಿದ್ದು ಸುಳ್ಳೇ? ಆ ಕೂಡಲೇ ಹಾಗೆ ತೀರ್ಮಾನಿಸಿ ನೋಟ್‌ಬುಕ್ ಮುಚ್ಚಿದ್ದರೆ ನಾನು ದೊಡ್ಡ ತಪ್ಪು ಮಾಡುತ್ತಿದ್ದೆ. ಇನ್ನೊಂದು ಸಂಜೆ ಅವರು ಬೇರೇನೋ ಹೇಳುತ್ತಾ, ಅದೇ ಚಳಿಗಾಲದಲ್ಲಿ ಒಂದು ಬೆಳಗಿನ ಜಾವ ಮಂಚದ ಸಮೇತ ನೆಲಕ್ಕೆ ಬಿದ್ದದ್ದನ್ನು ನೆನೆದರು. ಭೂಕಂಪ. ಕತ್ತಲಲ್ಲಿ ಎಲ್ಲರೂ ಬರಿಗಾಲಲ್ಲಿ ಹೊರಗೆ ಓಡಿದ್ದರಂತೆ. ನಾನ್ಕಾಯ್ ಭೂಕಂಪ ಸಂಭವಿಸಿದ್ದು 1946ರ ಡಿಸೆಂಬರ್ 21ರಂದು, ಬೆಳಗಿನ ಜಾವ ನಾಲ್ಕೂಕಾಲು ದಾಟಿದ ಹೊತ್ತಿಗೆ. ಅದರಲ್ಲೂ ಅದರ ಹಿಂದೆ ಬಂದ ಸುನಾಮಿಯಲ್ಲೂ ಸತ್ತವರು 1,300ಕ್ಕೂ ಹೆಚ್ಚು. ಅಲ್ಲಿಗೆ ಗಂಟು ಬಿಚ್ಚಿಕೊಂಡಿತು. ಅಜ್ಜ ಜಪಾನಿನಲ್ಲಿ ಎರಡು ಚಳಿಗಾಲ ಕಳೆದಿದ್ದರು, ಎಪ್ಪತ್ತು ವರ್ಷಗಳಲ್ಲಿ ಎರಡೂ ಸೇರಿ ಒಂದಾಗಿದ್ದವು. ಅವರು ಕಂಡದ್ದು ನಿಜ, ಕ್ಯಾಲೆಂಡರ್ ಮಾತ್ರ ಒಂದು ವರ್ಷ ಜಾರಿತ್ತು. ಆ ಕಾಲಕ್ಕೆ ಕಾಮನ್‌ವೆಲ್ತ್ ಪಡೆಯ ಪಲ್ಟನ್‌ಗಳು ಸರದಿಯ ಮೇಲೆ ಟೋಕಿಯೋಗೆ ಹೋಗಿ ಅರಮನೆಯ ಕಾವಲು ನಿಲ್ಲುತ್ತಿದ್ದವು, ಭಾರತೀಯರ ಸರದಿಯೂ ಬರುತ್ತಿತ್ತು.

ನಮ್ಮ ಹಳ್ಳಿಗಳ ಹಿರಿಯರಿಗೆ ಇದರಲ್ಲಿ ಹೊಸದೇನೂ ಕಾಣಿಸದು. ಅಜ್ಜಿಗೆ ಹುಟ್ಟಿದ ತಾರೀಕು ಕೇಳಿದರೆ "ಪ್ಲೇಗು ಬಂದು ಊರೆಲ್ಲ ಗುಡಿಸಲಿಗೆ ಹೋಗಿತ್ತಲ್ಲ, ಅದರ ಮರುವರ್ಷ" ಎನ್ನುತ್ತಿದ್ದರು. ಮಗ ಹುಟ್ಟಿದ್ದು ಗಾಂಧಿ ಸತ್ತ ವರ್ಷ, ಮಗಳು ಹುಟ್ಟಿದ್ದು ಕೆರೆ ಒಡೆದ ವರ್ಷ. ನೆನಪು ಇಸವಿಗೆ ಅಂಟಿಕೊಳ್ಳುವುದಿಲ್ಲ, ಮೈ ನಡುಗಿಸಿದ ಘಟನೆಗೆ ಅಂಟಿಕೊಳ್ಳುತ್ತದೆ. ನಿವೃತ್ತ ಸೈನಿಕರ ನೆನಪಿನಿಂದ ಇತಿಹಾಸ ಕಟ್ಟುವವರ ಮೊದಲ ಕೆಲಸ ಈ ಗೂಟಗಳನ್ನು ಹುಡುಕುವುದು. ಭೂಕಂಪ, ಹಡಗಿನ ಹೆಸರು, ಕಾಲರಾ ಚುಚ್ಚುಮದ್ದು, ಮನೆಯಿಂದ ಬಂದ ಸಾವಿನ ತಂತಿ. ಗೂಟ ಸಿಕ್ಕಿದರೆ ಹಗ್ಗ ಎಳೆಯಬಹುದು.

ಮನಸ್ಸಿನ ಅಧ್ಯಯನ ಮಾಡುವವರು ಹೇಳುವ ಇನ್ನೊಂದು ಸಂಗತಿ ಈ ಕೆಲಸಕ್ಕೆ ಬಲ ಕೊಡುತ್ತದೆ. ಹತ್ತರಿಂದ ಮೂವತ್ತರ ನಡುವಿನ ವಯಸ್ಸಿನಲ್ಲಿ ಕಂಡುಂಡದ್ದು ಮುಪ್ಪಿನಲ್ಲಿ ಉಳಿದೆಲ್ಲ ಕಾಲಕ್ಕಿಂತ ನಿಚ್ಚಳವಾಗಿ ನೆನಪಾಗುತ್ತದಂತೆ. ಸೈನಿಕ ಊರು ಬಿಟ್ಟು ಹೊರಡುವುದು ಆ ವಯಸ್ಸಿನಲ್ಲೇ. ನಿನ್ನೆ ಏನು ಊಟ ಮಾಡಿದೆ ಎಂಬುದು ಮರೆತ ನಮ್ಮ ಅಜ್ಜನಿಗೆ ಟ್ರಕ್ಕಿನ ಗೇರ್ ಯಾವ ಚಳಿಗೆ ಎಷ್ಟು ಬಿಗಿಯುತ್ತಿತ್ತು ಎಂಬುದು ಗೊತ್ತಿತ್ತು.

ತಪ್ಪು ನೆನಪು ಕೂಡ ಎಷ್ಟು ಬೆಲೆಬಾಳುತ್ತದೆ ಎಂಬುದನ್ನು ತೋರಿಸಿಕೊಟ್ಟವರು ಇಟಲಿಯ ಅಲೆಸ್ಸಾಂಡ್ರೋ ಪೋರ್ತೆಲ್ಲಿ. ತೆರ್ನಿ ಎಂಬ ಉಕ್ಕಿನ ಕಾರ್ಖಾನೆಯ ಊರಿನಲ್ಲಿ ಲುಯಿಜಿ ತ್ರಾಸ್ತುಲ್ಲಿ ಎಂಬ ಯುವ ಕಾರ್ಮಿಕ 1949ರ ಮಾರ್ಚ್ 17ರಂದು ನ್ಯಾಟೋ ವಿರುದ್ಧದ ಪ್ರತಿಭಟನೆಯಲ್ಲಿ ಪೊಲೀಸರ ಗುಂಡಿಗೆ ಸತ್ತ. ದಶಕಗಳ ನಂತರ ಪೋರ್ತೆಲ್ಲಿ ಹೋಗಿ ಕೇಳಿದರೆ, ಅವನು ಸತ್ತದ್ದು 1953ರಲ್ಲಿ, ಸಾವಿರಾರು ಜನರನ್ನು ಕೆಲಸದಿಂದ ತೆಗೆದುಹಾಕಿದಾಗ ನಡೆದ ಹೋರಾಟದಲ್ಲಿ ಎಂದು ಅನೇಕ ಕಾರ್ಮಿಕರು ಹೇಳಿದರು. ಅವರಿಗೆ ಮರೆವು ಬಂದಿರಲಿಲ್ಲ. ತಮ್ಮವನೊಬ್ಬನ ಸಾವಿಗೆ ತಕ್ಕ ಅರ್ಥ ಬೇಕಿತ್ತು, ಹಾಗಾಗಿ ಅದನ್ನು ತಮ್ಮ ಬದುಕಿನ ಅತಿ ದೊಡ್ಡ ಗಾಯದ ಪಕ್ಕಕ್ಕೆ ಎತ್ತಿಟ್ಟುಕೊಂಡಿದ್ದರು. ಪೊಲೀಸ್ ಕಡತ ತಾರೀಕು ಹೇಳುತ್ತದೆ, ಕಾರ್ಮಿಕರ ತಪ್ಪು ಆ ಊರಿನ ನೋವು ಎಲ್ಲಿದೆ ಎಂದು ಹೇಳುತ್ತದೆ. ನನಗೆ ಎರಡೂ ಬೇಕು.

ಕಡತವಿದ್ದರೆ ನೆನಪೇಕೆ ಎನ್ನುವವರಿಗೆ ಅಮೆರಿಕದ್ದೇ ಒಂದು ಉತ್ತರವಿದೆ. 1973ರ ಜುಲೈ 12ರಂದು ಸೇಂಟ್ ಲೂಯಿಸ್ ಬಳಿಯ ಸೇನಾ ಸಿಬ್ಬಂದಿ ದಾಖಲೆ ಕೇಂದ್ರಕ್ಕೆ ಬೆಂಕಿ ಬಿತ್ತು. 1.6ರಿಂದ 1.8 ಕೋಟಿ ಕಡತಗಳು ಸುಟ್ಟುಹೋದವು. 1912ರಿಂದ 1960ರವರೆಗೆ ಭೂಸೇನೆಯಿಂದ ಬಿಡುಗಡೆಯಾದವರ ದಾಖಲೆಗಳಲ್ಲಿ ಶೇ. 80ರಷ್ಟು ಬೂದಿಯಾದವು. ಎಷ್ಟೋ ಕುಟುಂಬಗಳಿಗೆ ಆಮೇಲೆ ಉಳಿದದ್ದು ಒಂದು ಫೋಟೊ, ಒಂದು ಭುಜದ ಪಟ್ಟಿ, ಅಜ್ಜ ಹೇಳಿದ ಮಾತು. 2000ದಲ್ಲಿ ಅಮೆರಿಕದ ಕಾಂಗ್ರೆಸ್ ಕಾನೂನು ಮಾಡಿ, ಲೈಬ್ರರಿ ಆಫ್ ಕಾಂಗ್ರೆಸ್‌ನಲ್ಲಿ ನಿವೃತ್ತ ಸೈನಿಕರ ನೆನಪುಗಳನ್ನು ಕೂಡಿಡುವ ಯೋಜನೆ ತಂದಿತು. ಯಾವ ಸಾಮಾನ್ಯ ಮನುಷ್ಯನೂ ತನ್ನ ಅಜ್ಜನನ್ನೋ ನೆರೆಯವರನ್ನೋ ಕೂರಿಸಿ ಮಾತನಾಡಿಸಿ ಕಳಿಸಬಹುದು. ಕನಿಷ್ಠ 30 ನಿಮಿಷ ಇರಬೇಕು ಎಂಬ ನಿಯಮ. ಹೀಗೆ ಸೇರಿದ ಸಂಗ್ರಹಗಳು ಈಗ 1 ಲಕ್ಷ ದಾಟಿವೆ. ಅವುಗಳಲ್ಲಿ ಯುದ್ಧ ಕಂಡವರ ಜೊತೆಗೆ, ಯುದ್ಧ ಮುಗಿದ ಮೇಲೆ ಜರ್ಮನಿಯಲ್ಲಿ ಚೆಕ್‌ಪೋಸ್ಟ್ ಕಾದವರು, ಜಪಾನಿನಲ್ಲಿ ಅಡುಗೆಮನೆ ನಡೆಸಿದವರು, ಗುಮಾಸ್ತರು, ಚಾಲಕರೂ ಇದ್ದಾರೆ.

ಇನ್ನು ನಮ್ಮ ಕಥೆ. ಕಾಮನ್‌ವೆಲ್ತ್ ಬೀಡುಪಡೆಯ ಸಂಖ್ಯೆ ಉತ್ತುಂಗದಲ್ಲಿದ್ದಾಗ 40,000ಕ್ಕೆ ಹತ್ತಿರವಿತ್ತು. ಅದರಲ್ಲಿ ಸುಮಾರು ನಾಲ್ಕನೇ ಒಂದು ಭಾಗ ಭಾರತದವರು. ಆಸ್ಟ್ರೇಲಿಯಾ, ಬ್ರಿಟನ್, ನ್ಯೂಜಿಲೆಂಡ್ ಉಳಿದ ಪಾಲುದಾರರು. ಹಿರೋಷಿಮಾ ಜಿಲ್ಲೆ ಸೇರಿ ಪಶ್ಚಿಮ ಹೊನ್ಶು ಮತ್ತು ಶಿಕೋಕು ದ್ವೀಪ ಅವರ ವಲಯ. ಆಡಳಿತ ಅಮೆರಿಕನ್ನರ ಕೈಯಲ್ಲೇ ಇತ್ತು. ಮದ್ದುಗುಂಡು ಹುಡುಕಿ ನಾಶ ಮಾಡುವುದು, ಬಂದರು ಕಾಯುವುದು, ಗಸ್ತು ತಿರುಗುವುದು, ಪರದೇಶಗಳಿಂದ ಮರಳುತ್ತಿದ್ದ ಜಪಾನಿ ಸೈನಿಕರನ್ನು ಬರಮಾಡಿಕೊಂಡು ಊರಿಗೆ ಕಳಿಸುವುದು ಇವರ ಕೆಲಸ. ಬ್ರಿಟಿಷ್ ಮತ್ತು ಭಾರತೀಯ ತುಕಡಿಗಳನ್ನು ಒಟ್ಟು ಸೇರಿಸಿದ ಡಿವಿಷನ್ನಿಗೆ 'ಬ್ರಿಂಡಿವ್' ಎಂದು ಚುಟುಕು ಹೆಸರು. ಬರ್ಮಾದಲ್ಲಿ 17ನೇ ಇಂಡಿಯನ್ ಡಿವಿಷನ್ ನಡೆಸಿದ್ದ ಮೇಜರ್ ಜನರಲ್ ಕೋವನ್ ಅದರ ಮುಖ್ಯಸ್ಥರು, ಒಕಾಯಾಮಾದಲ್ಲಿ ಅದರ ಕೇಂದ್ರ. ರಾಯಲ್ ಇಂಡಿಯನ್ ಏರ್‌ಫೋರ್ಸಿನ 4ನೇ ಸ್ಕ್ವಾಡ್ರನ್ ತನ್ನ ಸ್ಪಿಟ್‌ಫೈರ್ ವಿಮಾನಗಳೊಂದಿಗೆ ವಿಮಾನವಾಹಕ ಹಡಗಿನಲ್ಲಿ ಇವಾಕುನಿಗೆ ಬಂದಿಳಿಯಿತು.

ಆ ಡಿವಿಷನ್ನಿನ ಭಾರತೀಯ ಕಾಲ್ದಳ 268ನೇ ಬ್ರಿಗೇಡ್. ಅದನ್ನು ಜಪಾನಿಗೆ ಕರೆದೊಯ್ದ ಬ್ರಿಗೇಡಿಯರ್ ಹೆಸರು ಓದಿದಾಗ ನಾನು ಕುರ್ಚಿಯಿಂದ ಎದ್ದು ನಿಂತೆ. ಕೊಡಂದೇರ ಸುಬ್ಬಯ್ಯ ತಿಮ್ಮಯ್ಯ! ಮಡಿಕೇರಿಯ ನಮ್ಮ ಜನರಲ್ ತಿಮ್ಮಯ್ಯ. ಬೆಂಗಳೂರಿನ ರಿಚ್ಮಂಡ್ ರಸ್ತೆಗೆ ಇಟ್ಟಿರುವುದು ಅವರದೇ ಹೆಸರು. ಕೊರಿಯಾ, ಸೈಪ್ರಸ್, ಭೂಸೇನೆಯ ಮುಖ್ಯಸ್ಥರಾಗಿದ್ದ 1957ರಿಂದ 61ರ ಕಾಲ, ಇವೆಲ್ಲ ಕನ್ನಡಿಗರಿಗೆ ಅಷ್ಟಿಷ್ಟು ಗೊತ್ತು. ಜಪಾನಿನ ಅಧ್ಯಾಯ ಮಾತ್ರ ಒಂದು ಸಾಲಿನಲ್ಲಿ ದಾಟಿಹೋಗುತ್ತದೆ.

ಅವರ ಬ್ರಿಗೇಡಿನಲ್ಲಿದ್ದ ಮೂರು ಪಲ್ಟನ್‌ಗಳು: 1ನೇ ಪಂಜಾಬ್ ರೆಜಿಮೆಂಟಿನ 5ನೇ ಪಲ್ಟನ್, 5ನೇ ಮರಾಠಾ ಲೈಟ್ ಇನ್‌ಫೆಂಟ್ರಿಯ 1ನೇ ಪಲ್ಟನ್, 5ನೇ ರಾಯಲ್ ಗೂರ್ಖಾ ರೈಫಲ್ಸಿನ 2ನೇ ಪಲ್ಟನ್. ಇವುಗಳಲ್ಲಿ ಮರಾಠಾ ಲೈಟ್ ಇನ್‌ಫೆಂಟ್ರಿಯ ತರಬೇತಿ ಕೇಂದ್ರ 1922ರಿಂದಲೂ ನಮ್ಮ ಬೆಳಗಾವಿಯಲ್ಲಿದೆ. ಬೆಳಗಾವಿಯ ಕ್ಯಾಂಪಿನ ಮೈದಾನದಲ್ಲಿ ಕವಾಯತು ಕಲಿತವರು ಇಟಲಿಯಲ್ಲಿ ಜರ್ಮನ್ನರ ಮೇಲೆ ಹೋರಾಡಿ, ಆಮೇಲೆ ಜಪಾನ್ ಸಮುದ್ರದ ದಂಡೆಯಲ್ಲಿ ಹಿಮ ತುಳಿದರು. ಬ್ರಿಗೇಡಿನ ಕೇಂದ್ರ ಮತ್ಸುಯೆ. ಸರೋವರದ ಪಕ್ಕದ ಹಳೆಯ ಕೋಟೆಯ ಪಟ್ಟಣ, ಚಳಿಗಾಲದಲ್ಲಿ ಮೋಡ ಕವಿದು ಹಿಮ ಸುರಿಯುವ ಸೀಮೆ.

ತಿಮ್ಮಯ್ಯನವರ ಮನಸ್ಸಿನಲ್ಲಿ ಆಗ ಏನಿದ್ದಿರಬೇಕು! 1945ರ ಜನವರಿಯಲ್ಲಿ ಬರ್ಮಾದ ಅರಕಾನ್ ಕರಾವಳಿಯ ಕಂಗಾವ್‌ನಲ್ಲಿ ಇದೇ ಜಪಾನಿಯರ ಎದುರು ಕೈಕೈ ಮಿಲಾಯಿಸುವಷ್ಟು ಹತ್ತಿರದ ಕದನ ಮಾಡಿದವರು ಅವರು. ಅಲ್ಲಿ ಮೂರು ಪಲ್ಟನ್‌ಗಳನ್ನು ನಡೆಸಿದ್ದು ಮೂವರು ಭಾರತೀಯರು: ತಿಮ್ಮಯ್ಯ, ಥೋರಟ್, ಸೇನ್. ಅದೇ ವರ್ಷ ಸೆಪ್ಟೆಂಬರ್ 12ರಂದು ಸಿಂಗಪುರದಲ್ಲಿ ಜಪಾನ್ ಶರಣಾದಾಗ ಭಾರತದ ಪರವಾಗಿ ಹಾಜರಿದ್ದವರೂ ತಿಮ್ಮಯ್ಯನವರೇ. ಅವರ ಸಹೋದರರೊಬ್ಬರು ಸುಭಾಷರ ಆಜಾದ್ ಹಿಂದ್ ಫೌಜಿನಲ್ಲಿದ್ದರು. ಅಂದರೆ ಒಂದೇ ಮನೆಯವರು ಒಂದೇ ಯುದ್ಧದ ಎರಡು ಕಡೆ. ಗೆದ್ದ ಕಡೆಯ ಸೋದರ ಈಗ ಸೋತ ದೇಶದಲ್ಲಿ ಕಾವಲುಗಾರ, ತನ್ನ ದೇಶ ಇನ್ನೂ ಪರರ ಕೈಯಲ್ಲಿ.

ಈ ಇಬ್ಬಂದಿ ನನ್ನನ್ನು ಬಹಳ ಕಾಡಿದೆ. 1945ರ ನವೆಂಬರಿನಿಂದ ದೆಹಲಿಯ ಕೆಂಪುಕೋಟೆಯಲ್ಲಿ ಆಜಾದ್ ಹಿಂದ್ ಅಧಿಕಾರಿಗಳ ವಿಚಾರಣೆ, ದೇಶಕ್ಕೆ ದೇಶವೇ ಬೀದಿಯಲ್ಲಿ. 1946ರ ಫೆಬ್ರವರಿಯಲ್ಲಿ ಮುಂಬಯಿಯಲ್ಲಿ ನೌಕಾಪಡೆಯ ದಂಗೆ. ಅದಾಗಿ ವಾರಗಳಲ್ಲೇ ಭಾರತೀಯ ಸಿಪಾಯಿಗಳು ಬ್ರಿಟಿಷ್ ದೊರೆಯ ಹೆಸರಿನಲ್ಲಿ ಜಪಾನಿಗೆ ಹಡಗೇರುತ್ತಾರೆ. 1946ರ ಏಪ್ರಿಲ್ 10ರಂದು ಜಪಾನಿನ ಹೆಂಗಸರು ದೇಶದ ಚುನಾವಣೆಯಲ್ಲಿ ಮೊದಲ ಬಾರಿಗೆ ಮತ ಹಾಕಿದರು. ಪ್ರಜಾಪ್ರಭುತ್ವ ಕಲಿಸಲು ಬಂದ ಪಡೆಗಳ ಸಾಲಿನಲ್ಲಿದ್ದ ನಮ್ಮ ಸಿಪಾಯಿಗಳ ಊರಿನಲ್ಲಿ ಎಲ್ಲ ವಯಸ್ಕರಿಗೂ ಮತ ಸಿಗಲು 1951-52ರ ಚುನಾವಣೆಯವರೆಗೆ ಕಾಯಬೇಕಿತ್ತು. ಸೋತವರಿಗೆ ಸಿಕ್ಕದ್ದು ಗೆದ್ದವರ ಪರವಾಗಿ ನಿಂತವನಿಗೆ ಸಿಕ್ಕಿರಲಿಲ್ಲ. ಇದನ್ನು ಯಾವ ವರದಿಯೂ ಬರೆಯಲಿಲ್ಲ. ಸಂಜೆ ಬ್ಯಾರಕ್ಕಿನಲ್ಲಿ ಅಂಗಾರದ ಸುತ್ತ ಕುಳಿತವರು ಇದನ್ನು ಮಾತನಾಡದೆ ಇದ್ದಿರಲು ಸಾಧ್ಯವಿಲ್ಲ ಎಂಬುದು ನನ್ನ ಗಟ್ಟಿ ನಂಬಿಕೆ.

ಇಂಥದೇ ಇಬ್ಬಂದಿಯನ್ನು ಅನುಭವಿಸಿದ ಇನ್ನೊಂದು ಗುಂಪಿನ ಕಥೆ ನಮ್ಮ ಬೇ ಏರಿಯಾದಲ್ಲೇ ಇದೆ. ಸ್ಯಾನ್ ಫ್ರಾನ್ಸಿಸ್ಕೋದ ಪ್ರೆಸಿಡಿಯೋದಲ್ಲಿ, ಗೋಲ್ಡನ್ ಗೇಟ್ ಸೇತುವೆ ಕಾಣುವ ಕ್ರಿಸ್ಸಿ ಫೀಲ್ಡ್‌ನ ಒಂದು ಹಳೆಯ ವಿಮಾನದ ಶೆಡ್ಡಿನಲ್ಲಿ 1941ರ ನವೆಂಬರ್ 1ರಂದು ಸೇನೆ ಗುಟ್ಟಾಗಿ ಜಪಾನಿ ಭಾಷೆಯ ಶಾಲೆ ತೆರೆಯಿತು. ಮೊದಲ ತಂಡದ 60 ವಿದ್ಯಾರ್ಥಿಗಳಲ್ಲಿ 58 ಮಂದಿ ಅಮೆರಿಕದಲ್ಲೇ ಹುಟ್ಟಿದ ಜಪಾನಿ ಮೂಲದವರು. ಮರುವರ್ಷ ಫೆಬ್ರವರಿ 19ರಂದು ಅಧ್ಯಕ್ಷ ರೂಸ್ವೆಲ್ಟ್ ಹೊರಡಿಸಿದ 9066ನೇ ಆಜ್ಞೆ ಅದೇ ಹುಡುಗರ ಅಪ್ಪ, ಅಮ್ಮ, ತಂಗಿಯರನ್ನು ಮುಳ್ಳುತಂತಿಯ ಶಿಬಿರಗಳಿಗೆ ಅಟ್ಟಿತು. ಲಾಸ್ ಗ್ಯಾಟೋಸ್ ಇರುವ ಸಾಂಟಾ ಕ್ಲಾರಾ ಕಣಿವೆಯ ತೋಟಗಳಲ್ಲಿ ದುಡಿಯುತ್ತಿದ್ದ ಕುಟುಂಬಗಳಲ್ಲಿ ಬಹುಪಾಲು ಹೋದದ್ದು ವಯೋಮಿಂಗ್‌ನ ಹಾರ್ಟ್ ಮೌಂಟನ್ ಶಿಬಿರಕ್ಕೆ. ಯುದ್ಧ ಮುಗಿದಾಗ ಅದೇ ಶಾಲೆಯಲ್ಲಿ ಕಲಿತವರು ಬೀಡುಪಡೆಯ ನಾಲಿಗೆಯಾಗಿ ಜಪಾನಿಗೆ ಹೋದರು. ಅಜ್ಜ ಅಜ್ಜಿಯರ ಊರನ್ನು ಗೆದ್ದವರ ಸಮವಸ್ತ್ರದಲ್ಲಿ ಹೊಕ್ಕರು. ಆ ಶೆಡ್ಡು ಈಗ ವಸ್ತುಸಂಗ್ರಹಾಲಯವಾಗಿದೆ. ಅಲ್ಲಿ ಅವರ ದನಿಗಳನ್ನು ಕೇಳಿದಾಗಲೆಲ್ಲ ನನಗೆ ಮತ್ಸುಯೆಯ ಮರಾಠಾ ಸಿಪಾಯಿ ನೆನಪಾಗುತ್ತಾನೆ. ಇವರ ದನಿ ಉಳಿದಿದೆ, ಅವನದ್ದು ಉಳಿದಿಲ್ಲ.

ಉಳಿಯದಿರುವುದಕ್ಕೆ ಕಾರಣಗಳಿವೆ. ಭಾರತೀಯ ಪಡೆ ಜಪಾನ್ ಬಿಟ್ಟದ್ದು 1947ರಲ್ಲಿ, ದೇಶ ಇಬ್ಭಾಗವಾದ ವರ್ಷದಲ್ಲಿ. ಒಂದೇ ಬ್ರಿಗೇಡಿನ ಮರಾಠರು ಮತ್ತು ಗೂರ್ಖರು ಭಾರತಕ್ಕೆ, 1ನೇ ಪಂಜಾಬ್ ರೆಜಿಮೆಂಟು ಪಾಕಿಸ್ತಾನಕ್ಕೆ. ಒಟ್ಟಿಗೆ ಹಿಮ ತುಳಿದವರಿಗೆ ಮತ್ತೆ ಒಟ್ಟಿಗೆ ಕೂತು ನೆನೆಯುವ ಅವಕಾಶವೇ ಸಿಗಲಿಲ್ಲ. ಕಾಗದಗಳೂ ದೆಹಲಿ, ಲಂಡನ್, ಕ್ಯಾನ್‌ಬೆರಾಗಳಿಗೆ ಹಂಚಿಹೋದವು. ಊರಿಗೆ ಮರಳಿದವನಿಗೆ ದಂಗೆ, ನಿರಾಶ್ರಿತರು, ಕಾಶ್ಮೀರದ ಯುದ್ಧ. ಅದರ ನಡುವೆ ಜಪಾನಿನ ಚೆರ್ರಿ ಹೂವಿನ ಕಥೆ ಕೇಳುವವರು ಯಾರು? ಭಾರತ ಮತ್ತು ಪಾಕಿಸ್ತಾನ ಜಂಟಿಯಾಗಿ ನಡೆಸಿದ ಯುದ್ಧೇತಿಹಾಸ ವಿಭಾಗ 1958ರಲ್ಲಿ ಬೀಡುಪಡೆಗಳ ಬಗ್ಗೆ ರಾಜೇಂದ್ರ ಸಿಂಗ್ ಬರೆದ ಒಂದು ಸಂಪುಟವನ್ನು ಹೊರತಂದಿತು. ಜಗಳವಾಡುತ್ತಿದ್ದ ಎರಡು ದೇಶಗಳು ಸೇರಿ ಮಾಡಿದ ಕೆಲಸವೆಂದು ಅದಕ್ಕೆ ಗೌರವ ಸಲ್ಲಬೇಕು. ಆದರೆ ಅದು ಅಧಿಕಾರಿಯ ಕಣ್ಣಿನ ಇತಿಹಾಸ: ಯಾವ ತುಕಡಿ ಎಲ್ಲಿತ್ತು, ಎಷ್ಟು ಮದ್ದುಗುಂಡು ನಾಶವಾಯಿತು. ಲಂಡನ್ನಿನ ಇಂಪೀರಿಯಲ್ ವಾರ್ ಮ್ಯೂಸಿಯಂ ಭಾರತೀಯ ಸೇನೆಯಲ್ಲಿದ್ದ ಬ್ರಿಟಿಷ್ ಅಧಿಕಾರಿಗಳ ದನಿಗಳನ್ನು ಧಾರಾಳವಾಗಿ ಕಾಪಾಡಿಕೊಂಡಿದೆ. ಅವರ ಹಿಂದೆ ಸಾಲಾಗಿ ನಿಂತ ಜವಾನರನ್ನು ಅವರವರ ಭಾಷೆಯಲ್ಲಿ ಮಾತನಾಡಿಸುವ ಕೆಲಸ ನಮ್ಮದಾಗಿತ್ತು. ನಾವು ಮಾಡಲಿಲ್ಲ.

ಜಪಾನಿನ ನೆನಪು ಹೇಳಿಕೊಳ್ಳಲು ಹಿತವಾದದ್ದು. ಹೇಳಿಕೊಳ್ಳಲಾಗದ ನೆನಪೂ ಒಂದಿದೆ. 1945ರ ಕೊನೆಯಲ್ಲಿ ಇದೇ ಭಾರತೀಯ ಸೇನೆಯ ಡಿವಿಷನ್‌ಗಳನ್ನು ಬ್ರಿಟಿಷರು ಜಾವಾಕ್ಕೂ ಸೈಗಾನಿಗೂ ಕಳಿಸಿದರು. ಹೆಸರಿಗೆ ಜಪಾನಿಯರ ಆಯುಧ ಕಸಿಯುವ ಕೆಲಸ. ಆದರೆ ಡಚ್ಚರು, ಫ್ರೆಂಚರು ಮರಳಿ ಬರುವವರೆಗೆ ವಸಾಹತುಗಳನ್ನು ಹಿಡಿದಿಟ್ಟುಕೊಳ್ಳುವುದು ಅದರ ಪರಿಣಾಮವಾಯಿತು. ಸುರಬಯದಲ್ಲಿ ಅಕ್ಟೋಬರ್ 30ರಂದು ಬ್ರಿಟಿಷ್ ಬ್ರಿಗೇಡಿಯರ್ ಮ್ಯಾಲಬಿ ಹತರಾದರು, ನವೆಂಬರ್ 10ರಂದು ಬ್ರಿಟಿಷರ ದೊಡ್ಡ ದಾಳಿ ಶುರುವಾಯಿತು. ಆ ದಿನವನ್ನು ಇಂಡೋನೇಷ್ಯಾ ಇಂದಿಗೂ ವೀರರ ದಿನವೆಂದು ಆಚರಿಸುತ್ತದೆ. ಅಲ್ಲಿ ಗುಂಡು ಹಾರಿಸಿದವರಲ್ಲೂ ಗುಂಡಿಗೆ ಬಿದ್ದವರಲ್ಲೂ ಭಾರತೀಯರಿದ್ದರು, ಮರಾಠಾ ಪಲ್ಟನ್ನಿನವರೂ ಇದ್ದರು. ಸ್ವಾತಂತ್ರ್ಯ ಬೇಡುತ್ತಿದ್ದ ದೇಶದ ಸಿಪಾಯಿ ಸ್ವಾತಂತ್ರ್ಯ ಬೇಡುವ ಇನ್ನೊಬ್ಬನ ಎದುರು ಬಂದೂಕು ಹಿಡಿದು ನಿಂತಿದ್ದ. ಇಂಥದ್ದನ್ನು ಮಗನಿಗೆ ಹೇಳುವುದು ಸುಲಭವಲ್ಲ. ಕೇಳುವವರು ಈ ಮೌನವನ್ನು ಕಿತ್ತು ತೆಗೆಯಲು ಹೋಗಬಾರದು, ಅದರ ಪಕ್ಕದಲ್ಲಿ ಸುಮ್ಮನೆ ಕೂರಬೇಕು. ಮೂರನೆಯ ದಿನವೋ ನಾಲ್ಕನೆಯ ದಿನವೋ, ಕಾಫಿ ಲೋಟ ಕೆಳಗಿಡುತ್ತಾ ಅವರೇ ಶುರು ಮಾಡುತ್ತಾರೆ.

ಈ ಕೆಲಸದಲ್ಲಿ ನಾನು ಕಲಿತದ್ದು ಮುಖ್ಯವಾಗಿ ಕೇಳುವ ಬಗೆ. "ಯುದ್ಧದ ಬಗ್ಗೆ ಹೇಳಿ" ಎಂದರೆ ಯಾರಾದರೂ ತಾವು ಕಂಡ ಸಿನಿಮಾವನ್ನೇ ಹೇಳುತ್ತಾರೆ. "ನಿಮ್ಮ ಬೂಟು ಎಂಥದಿತ್ತು? ರಾತ್ರಿ ಎಲ್ಲಿ ಮಲಗುತ್ತಿದ್ದಿರಿ? ಅಕ್ಕಿ ಸಿಗುತ್ತಿತ್ತೇ? ಬಟ್ಟೆ ಯಾರು ಒಗೆಯುತ್ತಿದ್ದರು?" ಎಂದರೆ ಕೋಣೆಯ ಬಾಗಿಲು ತೆರೆಯುತ್ತದೆ. ನಮ್ಮ ಅಜ್ಜನಿಗೆ ನಾನು ಬಟ್ಟೆ ಒಗೆಯುವವರ ಬಗ್ಗೆ ಕೇಳಿದ ಮೇಲೆಯೇ, ದಿನಾ ಬರುತ್ತಿದ್ದ ಹೆಂಗಸು, ಅವಳ ಯುದ್ಧದಿಂದ ಮರಳದ ಗಂಡ, ತಾನು ಅವಳ ಮಗುವಿಗೆಂದು ಕದ್ದು ಕೊಡುತ್ತಿದ್ದ ಹಾಲಿನ ಪುಡಿಯ ಡಬ್ಬಿ, ಎಲ್ಲ ಒಂದೊಂದಾಗಿ ಹೊರಬಂದವು. ಸೋತವರೊಂದಿಗೆ ಸಲಿಗೆ ಕೂಡದು ಎಂದು ಕಾಮನ್‌ವೆಲ್ತ್ ಪಡೆಯ ಆದೇಶ ಬಹಳ ಬಿಗಿಯಾಗಿತ್ತು, ಅಮೆರಿಕನ್ನರದು ಅಷ್ಟಿರಲಿಲ್ಲ. ಆದೇಶ ಎಲ್ಲಿ ಮುರಿಯಿತು ಎಂಬುದು ಇಂಥ ಡಬ್ಬಿಗಳಿಂದಲೇ ತಿಳಿಯುತ್ತದೆ.

ಫೋಟೊ ಇದ್ದರೆ ಮೊದಲು ಅದರ ಬೆನ್ನು ನೋಡಬೇಕು. ಪೆನ್ಸಿಲಿನಲ್ಲಿ ಬರೆದ ಊರು, ಸ್ಟುಡಿಯೋದ ಮುದ್ರೆ, ಪತ್ರದ ಮೇಲಿನ ಸೇನಾ ಅಂಚೆಯ ಸಂಖ್ಯೆ, ಭುಜದ ಪಟ್ಟಿಯ ಗುರುತು, ಇವುಗಳನ್ನು ತುಕಡಿಯ ದಿನಚರಿಯೊಂದಿಗೆ ತಾಳೆ ಹಾಕಬಹುದು. ತಾಳೆಯಾಗದಿದ್ದರೆ ಹಿರಿಯರನ್ನು ತಿದ್ದಲು ಹೋಗಬಾರದು. ಅವರು ಹೇಳಿದ್ದನ್ನು ಹಾಗೆಯೇ ಬರೆದು, ದಾಖಲೆ ಹೇಳುವುದನ್ನು ಪಕ್ಕದಲ್ಲಿ ಬರೆದಿಡಬೇಕು. ಅತಿಯಾದ ನಂಬಿಕೆಯೂ ಅಪಾಯ. ಎರಡನೇ ಮಹಾಯುದ್ಧದಲ್ಲಿ ಎಸ್.ಎಲ್.ಎ. ಮಾರ್ಷಲ್ ಎಂಬ ಅಮೆರಿಕನ್ ಇತಿಹಾಸಕಾರ ಕದನ ಮುಗಿಸಿ ಬಂದ ಸೈನಿಕರನ್ನು ಗುಂಪಾಗಿ ಮಾತನಾಡಿಸಿದ, ಅದು ಒಳ್ಳೆಯ ದಾರಿ. ಆದರೆ ನಾಲ್ವರಲ್ಲಿ ಒಬ್ಬನೂ ಗುಂಡು ಹಾರಿಸುವುದಿಲ್ಲ ಎಂದು ಅವನು ಕೊಟ್ಟ ಪ್ರಸಿದ್ಧ ಲೆಕ್ಕಕ್ಕೆ ಆಧಾರವೇ ಇಲ್ಲವೆಂದು ಮುಂದೆ ಬಂದ ವಿದ್ವಾಂಸರು ತೋರಿಸಿದರು. ತಪ್ಪಿದ್ದು ಸೈನಿಕರ ನೆನಪಲ್ಲ, ಬರೆದುಕೊಂಡವನ ಅವಸರ.

ನಮ್ಮೂರಿನಿಂದ ಸ್ಯಾನ್ ಫ್ರಾನ್ಸಿಸ್ಕೋಗೆ ಟ್ರಾಫಿಕ್ ಇಲ್ಲದಿದ್ದರೆ ಒಂದು ಗಂಟೆಯ ದಾರಿ. ಅಲ್ಲಿನ ವಾರ್ ಮೆಮೋರಿಯಲ್ ಒಪೆರಾ ಹೌಸಿನಲ್ಲಿ 1951ರ ಸೆಪ್ಟೆಂಬರ್ 8ರಂದು ಜಪಾನಿನೊಂದಿಗಿನ ಶಾಂತಿ ಒಪ್ಪಂದಕ್ಕೆ ಸಹಿಯಾಯಿತು. ಮರುವರ್ಷ ಏಪ್ರಿಲ್ 28ರಂದು ಅದು ಜಾರಿಗೆ ಬಂದು ಬೀಡುಪಡೆಗಳ ಕಾಲ ಮುಗಿಯಿತು. ಸಂಗೀತ ಕೇಳಲು ಆ ಸಭಾಂಗಣಕ್ಕೆ ಹೋದಾಗಲೆಲ್ಲ ನಾನು ಅಲ್ಲಿ ಇಲ್ಲದ ಒಂದು ಕುರ್ಚಿಯನ್ನು ನೆನೆಯುತ್ತೇನೆ. ಭಾರತ ಆ ಸಮ್ಮೇಳನಕ್ಕೆ ಬರಲು ನಿರಾಕರಿಸಿತ್ತು. ಒಪ್ಪಂದದ ನಂತರವೂ ವಿದೇಶಿ ಸೇನೆ ಜಪಾನಿನಲ್ಲಿ ಉಳಿಯುವುದಾದರೆ ಅದು ಪೂರ್ಣ ಸ್ವಾತಂತ್ರ್ಯವಾಗದು ಎಂಬುದು ನೆಹರೂ ಸರ್ಕಾರದ ಆಕ್ಷೇಪಗಳಲ್ಲಿ ಒಂದು. 1952ರ ಜೂನ್ 9ರಂದು ಭಾರತ ಜಪಾನಿನೊಂದಿಗೆ ಪ್ರತ್ಯೇಕ ಒಪ್ಪಂದ ಮಾಡಿಕೊಂಡು ಯುದ್ಧ ಪರಿಹಾರವನ್ನೂ ಬಿಟ್ಟುಕೊಟ್ಟಿತು. ಆ ನಿಲುವಿಗೆ ಮತ್ಸುಯೆಯ ಹಿಮದಲ್ಲಿ ಬಂದೂಕು ಹಿಡಿದು ನಿಂತ ಸಿಪಾಯಿಯ ಅನುಭವವೂ ಎಲ್ಲೋ ಒಂದು ಮೂಲೆಯಲ್ಲಿ ಸೇರಿತ್ತು ಎಂದು ನಾನು ಭಾವಿಸುತ್ತೇನೆ. ಪರರ ನೆಲದ ಕಾವಲುಗಾರನಾಗುವುದೆಂದರೇನು ಎಂಬುದನ್ನು ಆಳಿಸಿಕೊಂಡವನಷ್ಟು ಚೆನ್ನಾಗಿ ಇನ್ಯಾರು ಬಲ್ಲರು? 1953ರಲ್ಲಿ ಕೊರಿಯಾದ ಯುದ್ಧಕೈದಿಗಳ ವಿಷಯದಲ್ಲಿ ಎರಡೂ ಕಡೆಯವರ ನಡುವೆ ನಿಲ್ಲಬಲ್ಲ ಒಬ್ಬರು ಬೇಕಾದಾಗ, ತಟಸ್ಥ ರಾಷ್ಟ್ರಗಳ ಆಯೋಗದ ಅಧ್ಯಕ್ಷ ಪೀಠಕ್ಕೆ ಭಾರತ ಕಳಿಸಿದ್ದು ಅದೇ ತಿಮ್ಮಯ್ಯನವರನ್ನು.

ಬೇಲಿಯ ಬಳಿ ನನ್ನನ್ನು ನಿಲ್ಲಿಸಿದ ಅಜ್ಜ ಈಗಿಲ್ಲ. ಅವರ ಮನೆ ಮಾರಾಟವಾಯಿತು. ಜಪಾನಿನಲ್ಲಿದ್ದ ಭಾರತೀಯ ಸಿಪಾಯಿಗಳಲ್ಲಿ ಅತಿ ಕಿರಿಯನಿಗೂ ಈಗ ತೊಂಬತ್ತೇಳೋ ತೊಂಬತ್ತೆಂಟೋ ಆಗಿರಬೇಕು. ಅವರನ್ನೇ ಕೇಳುವ ಕಾಲ ಬಹುಮಟ್ಟಿಗೆ ದಾಟಿದೆ, ಆದರೆ ಅವರ ಮಕ್ಕಳು ಇದ್ದಾರೆ. ಎಪ್ಪತ್ತು ದಾಟಿದ ಆ ಮಕ್ಕಳಿಗೆ ಅಪ್ಪ ಹೇಳಿದ ಮಾತು ನೆನಪಿದೆ. ಮಡಿಕೇರಿಯಲ್ಲಿ ತಿಮ್ಮಯ್ಯನವರ ಮನೆ 'ಸನ್ನಿ ಸೈಡ್' 2021ರ ಫೆಬ್ರವರಿಯಿಂದ ವಸ್ತುಸಂಗ್ರಹಾಲಯವಾಗಿ ತೆರೆದಿದೆ. ಕೊಡಗಿನ ಐನ್‌ಮನೆಗಳ ಅಟ್ಟದಲ್ಲಿ, ಬೆಳಗಾವಿ ಸುತ್ತಿನ ಹಳ್ಳಿಗಳ ಕಬ್ಬಿಣದ ಟ್ರಂಕುಗಳಲ್ಲಿ ಇನ್ನೂ ಏನೇನಿದೆಯೋ. ಬೇ ಏರಿಯಾದಲ್ಲಿ 1973ರಿಂದ ಕನ್ನಡ ಕೂಟವಿದೆ. ರಜೆಗೆ ಊರಿಗೆ ಹೋಗುವ ಅಲ್ಲಿನ ಮಕ್ಕಳಲ್ಲಿ ಸೈನಿಕರ ಮೊಮ್ಮಕ್ಕಳು, ಮರಿಮಕ್ಕಳೂ ಇರುತ್ತಾರೆ.

ಅವರಿಗೂ ನಿಮಗೂ ನನ್ನದು ಒಂದೇ ಬೇಡಿಕೆ. ನಿಮ್ಮ ಮನೆಯಲ್ಲಿ ಯಾರಾದರೂ "ನಮ್ಮ ತಾತ ಮಿಲ್ಟ್ರಿಯಲ್ಲಿದ್ದಾಗ ಜಪಾನಿಗೆ ಹೋಗಿದ್ದರಂತೆ" ಎಂದರೆ ಮಾತನ್ನು ಅಲ್ಲಿಗೇ ಬಿಡಬೇಡಿ. ಫೋನಿನ ರೆಕಾರ್ಡರ್ ಒತ್ತಿ ಪಕ್ಕದಲ್ಲಿಡಿ. ಅವರು ಬಳಸುವ ಭಾಷೆಯಲ್ಲೇ, ಕೊಡವ ತಕ್ಕಾಗಲಿ ಕನ್ನಡವಾಗಲಿ ಮರಾಠಿಯಾಗಲಿ, ಅರ್ಧ ಗಂಟೆ ಮಾತನಾಡಿಸಿ. ಮೊದಲು ಬೂಟಿನ ಬಗ್ಗೆ ಕೇಳಿ. ಟ್ರಂಕಿನಲ್ಲಿ ಫೋಟೊ ಸಿಕ್ಕರೆ, ದಯವಿಟ್ಟು, ಅದರ ಬೆನ್ನಿನ ಬರಹವನ್ನೂ ಒಂದು ಚಿತ್ರ ತೆಗೆದಿಡಿ.